ಬಾಕಿ ಕೆಂಪು, ಆಯ್ತು ಹಸಿರು: ತೋಟದ ಲೆಕ್ಕಕ್ಕೆ ಗೂಗಲ್ ಶೀಟ್ಸ್‌ನ ಕಂಡೀಷನಲ್ ಫಾರ್ಮ್ಯಾಟಿಂಗ್ ಹೇಗಿದೆ?

ಮೊದಲೇ ಮಾರ್ಕು ಹೇಳಿಬಿಡುತ್ತೇನೆ: ಐದಕ್ಕೆ ನಾಲ್ಕು. ದುಡ್ಡು ಕೊಡಬೇಕಾಗಿಲ್ಲ. ಜಿಮೇಲ್ ಇದ್ದವರಿಗೆಲ್ಲ ಗೂಗಲ್ ಶೀಟ್ಸ್, ಅಂದರೆ ಗೂಗಲ್‌ನ ಲೆಕ್ಕದ ಹಾಳೆ, ಇದ್ದೇ ಇರುತ್ತದೆ, ಅದರೊಳಗೇ ಈ ಕಂಡೀಷನಲ್ ಫಾರ್ಮ್ಯಾಟಿಂಗ್ ಕೂತಿದೆ. ಸೆಲ್‌ನಲ್ಲಿ, ಅಂದರೆ ಹಾಳೆಯ ಒಂದೊಂದು ಚೌಕದಲ್ಲಿ, ಏನು ಬರೆದಿದೆ ಅಂತ ನೋಡಿ ಅದೇ ಬಣ್ಣ ಹಚ್ಚುತ್ತದೆ. ‘ಬಾಕಿ’ ಅಂತ ಇದ್ದರೆ ಕೆಂಪು, ‘ಆಯ್ತು’ ಅಂತ ಇದ್ದರೆ ಹಸಿರು. ಅಷ್ಟೇ. ಆ ಒಂದು ಮಾರ್ಕು ಯಾಕೆ ಕಳೆದೆ ಅನ್ನುವುದು ಕೆಳಗೆ ಬರುತ್ತದೆ, ಅದರಲ್ಲಿ ಅರ್ಧ ನಮ್ಮ ಕನ್ನಡ ಟೈಪಿಂಗ್‌ನ ತಕರಾರು.

ನಾನು ಸುಂಟಿಕೊಪ್ಪ ಕಡೆಯ ಒಂದು ಸಾಧಾರಣ ಕಾಫಿ ತೋಟದ ಲೆಕ್ಕ ನೋಡುತ್ತೇನೆ, ಜೊತೆಗೆ ಎರಡು ರೂಮಿನ ಹೋಮ್‌ಸ್ಟೇ ಇದೆ. ಆಫೀಸಿನಲ್ಲಿ ದಿನವಿಡೀ ಎಕ್ಸೆಲ್ ಜೊತೆ ಗುದ್ದಾಡುವವರಿಗೆ ಇದರಲ್ಲಿ ಹೊಸದೇನೂ ಸಿಗಲಿಕ್ಕಿಲ್ಲ. ಚೆಕ್‌ರೋಲ್ (ಆಳುಗಳ ಹಾಜರಿ ಲೆಕ್ಕ), ಬಟವಾಡೆ (ಕೂಲಿ ಹಂಚುವುದು), ಗೊಬ್ಬರದ ಸಾಲ, ಕಾಫಿ ಮಾರಿದ ದುಡ್ಡು, ಹೋಮ್‌ಸ್ಟೇ ಅಡ್ವಾನ್ಸ್ ಇವನ್ನೆಲ್ಲ ಒಂದೇ ತಲೆಯಲ್ಲಿ ಇಟ್ಟುಕೊಂಡು ಓಡಾಡುವವರಿಗೆ ಇದು.

ಬಣ್ಣ ಹಚ್ಚುವುದು ನಮ್ಮಲ್ಲಿ ಹೊಸದಲ್ಲ. ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಅಣ್ಣನ ಚೆಕ್‌ರೋಲ್ ಪುಸ್ತಕ ತೆಗೆದರೆ ಕೆಂಪು ಪೆನ್ನು, ನೀಲಿ ಪೆನ್ನು, ಮೂಲೆಯಲ್ಲಿ ಪೆನ್ಸಿಲ್ ಗುರುತು, ಎಲ್ಲಕ್ಕೂ ಅವರದೇ ಅರ್ಥ ಇದೆ. ಕಂಪ್ಯೂಟರಿಗೆ ಬಂದ ಮೇಲೂ ಜಾಸ್ತಿ ಜನ ಅದನ್ನೇ ಮಾಡುತ್ತಾರೆ. ಪೇಂಟ್ ಡಬ್ಬಿಯ ಚಿತ್ರ ಒತ್ತಿ, ಒಂದೊಂದೇ ಸೆಲ್‌ಗೆ ಕೈಯಾರೆ ಬಣ್ಣ. ನೋಡಲು ಚೆನ್ನಾಗಿರುತ್ತದೆ. ಆದರೆ ಶನಿವಾರ ದುಡ್ಡು ಕೊಟ್ಟು ‘ಬಾಕಿ’ ಅಳಿಸಿ ‘ಆಯ್ತು’ ಅಂತ ಬರೆದ ಮೇಲೂ ಸೆಲ್ ಕೆಂಪಾಗಿಯೇ ಇರುತ್ತದೆ, ಯಾಕೆಂದರೆ ಬಣ್ಣ ಬದಲಿಸುವುದು ಬೇರೆಯೇ ಕೆಲಸ. ಮಾತು ಒಂದು ಹೇಳುತ್ತದೆ, ಬಣ್ಣ ಇನ್ನೊಂದು ಹೇಳುತ್ತದೆ. ಯಾವುದನ್ನು ನಂಬುವುದು? ನಿಯಮ ಹಾಕಿಟ್ಟರೆ ಈ ತಂಟೆ ಇಲ್ಲ. ಮಾತು ಬದಲಾದ ತಕ್ಷಣ ಬಣ್ಣವೂ ಬದಲು.

ಹಾಕುವುದು ಸುಲಭ. ಕಾಲಮ್ ಆರಿಸಿಕೊಂಡು ಮೇಲಿನ ಮೆನುವಿನಲ್ಲಿ ಫಾರ್ಮ್ಯಾಟ್, ಅದರೊಳಗೆ ಕಂಡೀಷನಲ್ ಫಾರ್ಮ್ಯಾಟಿಂಗ್. ಬಲಗಡೆ ಒಂದು ಪಟ್ಟಿ ತೆರೆಯುತ್ತದೆ. ಯಾವ ಸೆಲ್‌ಗಳಿಗೆ, ಯಾವ ಷರತ್ತಿಗೆ, ಯಾವ ಬಣ್ಣ, ಮೂರೇ ಪ್ರಶ್ನೆ. ಷರತ್ತುಗಳಲ್ಲಿ ಮಾತಿಗೆ ಸಂಬಂಧಪಟ್ಟವು ಐದು: ಈ ಮಾತು ಒಳಗೊಂಡಿದ್ದರೆ, ಒಳಗೊಂಡಿಲ್ಲದಿದ್ದರೆ, ಇದರಿಂದ ಶುರುವಾದರೆ, ಇದರಿಂದ ಮುಗಿದರೆ, ಮತ್ತೆ ಸರಿಯಾಗಿ ಇದೇ ಆಗಿದ್ದರೆ. ಇಂಗ್ಲಿಷ್ ಮೆನುವಿನಲ್ಲಿ ಮೊದಲನೆಯದು ‘ಟೆಕ್ಸ್ಟ್ ಕಂಟೇನ್ಸ್’, ಕೊನೆಯದು ‘ಟೆಕ್ಸ್ಟ್ ಈಸ್ ಎಕ್ಸಾಕ್ಟ್ಲಿ’.

ಎಲ್ಲರೂ ಮೊದಲು ಕೈ ಹಾಕುವುದು ‘ಕಂಟೇನ್ಸ್’ಗೆ. ಅಲ್ಲೇ ಗುಂಡಿ ಇರುವುದು. ‘ಬಾಕಿ’ ಅಂತ ಇದ್ದರೆ ಕೆಂಪು ಅಂತ ನಿಯಮ ಹಾಕಿ, ಆಮೇಲೆ ಯಾರೋ ಒಬ್ಬರು ಒಂದು ಸೆಲ್‌ನಲ್ಲಿ ‘ಬಾಕಿ ಇಲ್ಲ’ ಅಂತ ಬರೆಯಲಿ. ಅದೂ ಕೆಂಪು! ಪಾಪ, ದುಡ್ಡು ಚುಕ್ತಾ ಮಾಡಿದವನೂ ಸಾಲಗಾರರ ಸಾಲಿಗೆ. ‘ಬಾಕಿ’ ಅನ್ನುವ ಅಕ್ಷರ ಅದರೊಳಗೆ ಇದೆಯಲ್ಲ, ಶೀಟ್‌ಗೆ ಅಷ್ಟೇ ಗೊತ್ತು. ‘ಪೇಯ್ಡ್’, ‘ಅನ್‌ಪೇಯ್ಡ್’ ಅಂತ ಬರೆಯುವವರಿಗೂ ಇದೇ ಕಥೆ. ಅದಕ್ಕೆ ಎರಡು ದಾರಿ. ಒಂದು, ‘ಎಕ್ಸಾಕ್ಟ್ಲಿ’ ಬಳಸುವುದು. ಇನ್ನೊಂದು, ನಿಯಮಗಳ ಸರದಿ ನೋಡಿಕೊಳ್ಳುವುದು. ಒಂದೇ ಸೆಲ್‌ಗೆ ಎರಡು ನಿಯಮ ಅನ್ವಯಿಸಿದರೆ ಪಟ್ಟಿಯಲ್ಲಿ ಮೇಲಿರುವ ನಿಯಮದ ಬಣ್ಣವೇ ಗೆಲ್ಲುತ್ತದೆ. ‘ಬಾಕಿ ಇಲ್ಲ’ ಹಸಿರು ಅನ್ನುವುದನ್ನು ಎಳೆದು ಮೇಲಕ್ಕೆ ಇಟ್ಟು, ‘ಬಾಕಿ’ ಕೆಂಪು ಅನ್ನುವುದನ್ನು ಅದರ ಕೆಳಗೆ ಇಟ್ಟರೆ ಸರಿಹೋಗುತ್ತದೆ. ನನ್ನ ಓಟು ಮೊದಲನೆಯದಕ್ಕೆ. ಸರದಿ ನೆನಪಿಟ್ಟುಕೊಂಡು ಯಾರು ಕೂತಿರುತ್ತಾರೆ?

ಹಾಗಂತ ‘ಕಂಟೇನ್ಸ್’ ಕೆಲಸಕ್ಕೆ ಬಾರದ್ದು ಅಂತಲ್ಲ. ಷರಾ ಕಾಲಮ್‌ನಲ್ಲಿ ‘ಬೋರರ್ ಬಿದ್ದಿದೆ, ಮೂರು ಗಿಡ ಕಿತ್ತಿದೆ’ ಅಂತ ಉದ್ದ ಬರೆದಿರುವಾಗ ‘ಬೋರರ್’ (ಕಾಫಿ ಗಿಡದ ಕಾಂಡ ಕೊರೆಯುವ ಹುಳು) ಅನ್ನುವ ಒಂದು ಪದ ಹಿಡಿಯಲು ಅದೇ ಬೇಕು.

ಈಗ ನಿಜವಾಗಿ ಮಜಾ ಕೊಡುವ ಭಾಗ. ಒಂದು ಸೆಲ್ ಕೆಂಪಾದರೆ ಏನೂ ಪ್ರಯೋಜನವಿಲ್ಲ, ಇಡೀ ಸಾಲು ಬಣ್ಣವಾಗಬೇಕು. ಹೆಸರು, ತಾರೀಕು, ಕೆಜಿ, ದುಡ್ಡು ಎಲ್ಲ ಒಟ್ಟಿಗೆ. ಅದಕ್ಕೆ ಷರತ್ತುಗಳ ಪಟ್ಟಿಯ ಕಟ್ಟಕಡೆಗೆ ‘ಕಸ್ಟಮ್ ಫಾರ್ಮುಲಾ ಈಸ್’ ಅಂತ ಇದೆ. ಎರಡನೇ ಸಾಲಿನಿಂದ ಲೆಕ್ಕ ಶುರುವಾಗಿದ್ದು, ಬಾಕಿ ಅಥವಾ ಆಯ್ತು ಅನ್ನುವುದು ಡಿ ಕಾಲಮ್‌ನಲ್ಲಿ ಇದ್ದರೆ ಬರೆಯಬೇಕಾದದ್ದು ಇಷ್ಟೇ:

=$ಡಿ2="ಬಾಕಿ"

ಡಿ ಅನ್ನುವ ಕಡೆ ಇಂಗ್ಲಿಷ್ ಅಕ್ಷರ ಹಾಕಿ, ಇಲ್ಲಿ ಓದಲಿಕ್ಕೆ ಸುಲಭವಾಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ. ಬಾಕಿ ಅನ್ನುವುದು ಕನ್ನಡದಲ್ಲೇ ಇರಲಿ, ಶೀಟ್ ಅದನ್ನು ತಕರಾರಿಲ್ಲದೆ ಒಪ್ಪುತ್ತದೆ. ಆ ಡಾಲರ್ ಚಿಹ್ನೆಯೇ ಇಲ್ಲಿ ಯಜಮಾನ. ಅದು ಇದ್ದರೆ ಸಾಲಿನ ಎಲ್ಲ ಸೆಲ್‌ಗಳೂ ಡಿ ಕಾಲಮ್‌ನ್ನೇ ನೋಡಿ ಬಣ್ಣ ತೀರ್ಮಾನಿಸುತ್ತವೆ. ಇಲ್ಲದಿದ್ದರೆ ಪಕ್ಕದ ಸೆಲ್ ಇ ಕಾಲಮ್ ನೋಡುತ್ತದೆ, ಅದರ ಪಕ್ಕದ್ದು ಎಫ್ ನೋಡುತ್ತದೆ, ಬಣ್ಣ ಎಲ್ಲೆಲ್ಲೋ ಚೆಲ್ಲಾಪಿಲ್ಲಿ. ಇನ್ನೊಂದು ಕಟ್ಟುನಿಟ್ಟು: ಮೇಲೆ ಕೊಟ್ಟ ರೇಂಜ್ (ನಿಯಮ ಅನ್ವಯಿಸುವ ಸೆಲ್‌ಗಳು, ಇಲ್ಲಿ ಎಲ್ಲ ಕಾಲಮ್‌ಗಳೂ ಸೇರಿ) ಎರಡನೇ ಸಾಲಿನಿಂದ ಶುರುವಾದರೆ ಫಾರ್ಮುಲಾದಲ್ಲೂ 2 ಇರಬೇಕು. ರೇಂಜ್ ಒಂದನೇ ಸಾಲಿನಿಂದ ಕೊಟ್ಟು ಫಾರ್ಮುಲಾದಲ್ಲಿ 2 ಬರೆದರೆ, ಬಣ್ಣ ಒಂದು ಸಾಲು ಮೇಲೆ ಬಂದು ಕೂರುತ್ತದೆ. ಬಾಕಿ ಇರುವವನ ಬದಲು ಅವನ ಮೇಲಿನವನು ಕೆಂಪು. ಬಟವಾಡೆ ದಿನ ಇಂಥದ್ದು ಆದರೆ ಗೊತ್ತಲ್ಲ, ಜಗಳ ಗ್ಯಾರಂಟಿ.

ಇದನ್ನೇ ಸ್ವಲ್ಪ ಬೆಳೆಸಿದರೆ ತೋಟದ ಕೆಲಸಕ್ಕೆ ತುಂಬ ಆಗುತ್ತದೆ. ರೋಬಸ್ಟಾ ಕಾಫಿ ಇರುವವರಿಗೆ ಫೆಬ್ರವರಿ, ಮಾರ್ಚ್ ಅಂದರೆ ಸ್ಪ್ರಿಂಕ್ಲರ್ ಕಾಲ. ಕಾಫಿ ಹೂ ಅರಳಿಸುವ ಹೂಮಳೆ ಸಮಯಕ್ಕೆ ಬರದಿದ್ದರೆ ನಾವೇ ನೀರು ಕೊಡಬೇಕು. ಪೈಪು ಬಿಚ್ಚಿ ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಹೊತ್ತು, ರಾತ್ರಿ ಕರೆಂಟ್ ಬಂದಾಗ ಮೋಟಾರ್ ಹಾಕಿ, ಯಾವ ಬ್ಲಾಕ್ ಆಯ್ತು, ಯಾವುದು ಅರ್ಧಕ್ಕೆ ನಿಂತಿತು ಅನ್ನುವುದು ಎರಡನೇ ವಾರಕ್ಕೆ ಯಾರಿಗೂ ನೆನಪಿರುವುದಿಲ್ಲ. ಹೂವಿನ ನೀರು ಕೊಟ್ಟ ಮೇಲೆ ಬ್ಯಾಕಿಂಗ್ ನೀರು, ಅಂದರೆ ಎರಡನೇ ಸುತ್ತಿನ ನೀರು, ಬೇರೆ ಕೊಡಬೇಕು, ಅದೂ ಲೆಕ್ಕದ ದಿನಕ್ಕೆ. ಇಲ್ಲಿ ಎರಡು ಷರತ್ತು ಜೋಡಿಸಬಹುದು. ಬ್ಯಾಕಿಂಗ್ ಕಾಲಮ್‌ನಲ್ಲಿ ‘ಬಾಕಿ’ ಅಂತ ಇರಬೇಕು, ಜೊತೆಗೆ ಹೂವಿನ ನೀರಿನ ತಾರೀಕಿಗೆ 15 ದಿನ ದಾಟಿರಬೇಕು, ಎರಡೂ ನಿಜವಾದರೆ ಮಾತ್ರ ಸಾಲು ಕಿತ್ತಳೆ. ‘ಆ್ಯಂಡ್’ ಫಂಕ್ಷನ್ ಒಳಗೆ ಎರಡನ್ನೂ ಕಾಮಾ ಹಾಕಿ ಬರೆಯುವುದು, ಇವತ್ತಿನ ತಾರೀಕಿಗೆ ‘ಟುಡೇ’ ಫಂಕ್ಷನ್. ಬೆಳಿಗ್ಗೆ ಶೀಟ್ ತೆಗೆದರೆ ಇವತ್ತು ಪೈಪು ಎಲ್ಲಿಗೆ ಹೋಗಬೇಕು ಅನ್ನುವುದು ಕಣ್ಣಿಗೇ ಹೊಡೆಯುತ್ತದೆ. ಪುಸ್ತಕದಲ್ಲಿ ಹಚ್ಚಿದ ಕೆಂಪು ಪೆನ್ನು ಈ ಕೆಲಸ ಮಾಡುವುದಿಲ್ಲ, ಅದಕ್ಕೆ ದಿನ ಎಣಿಸಲು ಬರುವುದಿಲ್ಲ.

ಹೋಮ್‌ಸ್ಟೇ ಶೀಟ್‌ಗೂ ಅದೇ. ‘ವಿಚಾರಿಸಿದ್ದಾರೆ’, ‘ಅಡ್ವಾನ್ಸ್ ಬಂತು’, ‘ರದ್ದು’. ಮೂರು ಮಾತು, ಮೂರು ಗುರುತು. ಲಾಂಗ್ ವೀಕೆಂಡ್ ಬಂದಾಗ ಬೆಂಗಳೂರಿನಿಂದ ಒಂದೇ ಸಮನೆ ಫೋನ್ ಬರುತ್ತಿರುವಾಗ, ಮೊಬೈಲ್‌ನಲ್ಲಿ ಬಣ್ಣ ನೋಡಿ ‘ಇಲ್ಲ ಸರ್, ಫುಲ್ ಆಗಿದೆ’ ಅಂತ ಹೇಳುವುದು ಎಷ್ಟು ಸಲೀಸು ಅಂತ ಮಾಡುವವರಿಗೆ ಗೊತ್ತು. ರದ್ದಾದದ್ದಕ್ಕೆ ನಾನು ಬಣ್ಣ ಕೊಡುವುದಿಲ್ಲ, ಬೂದು ಅಕ್ಷರ ಮಾಡಿ ಮೇಲೆ ಗೆರೆ ಎಳೆಯುವ ಆಯ್ಕೆ ಹಾಕಿದ್ದೇನೆ. ನಿಯಮದಲ್ಲಿ ಬಣ್ಣ ಮಾತ್ರ ಅಲ್ಲ, ದಪ್ಪಕ್ಷರ, ಓರೆ ಅಕ್ಷರ, ಅಡಿಗೆರೆ, ಅಡ್ಡಗೆರೆ ಕೂಡ ಸಿಗುತ್ತದೆ. ಅಕ್ಷರದ ಸೈಜು ಮತ್ತು ಬಾರ್ಡರ್ ಮಾತ್ರ ಬದಲಿಸಲು ಬರುವುದಿಲ್ಲ.

ಇನ್ನು ತಕರಾರಿಗೆ ಬರೋಣ.

ದೊಡ್ಡ ತಕರಾರು, ಇದು ಮಾತನ್ನು ಅಕ್ಷರ ಅಕ್ಷರವಾಗಿ ನೋಡುತ್ತದೆ, ನಾವು ಮಾತ್ರ ಒಂದೇ ಮಾತನ್ನು ಹತ್ತು ಥರ ಬರೆಯುತ್ತೇವೆ. ಕಾಫಿ ವಿಷಯವನ್ನೇ ತೆಗೆದುಕೊಳ್ಳಿ. ಸಿಪ್ಪೆ ಸಮೇತ ಒಣಗಿಸಿದ ಕಾಫಿಗೆ ಒಬ್ಬರು ‘ಚೆರ್ರಿ’ ಅಂತಾರೆ, ಒಬ್ಬರು ‘ಚೆರಿ’, ಇನ್ನೊಬ್ಬರು ‘ಚರ್ರಿ’. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಬಗ್ಗೆ ಕೇಳಲೇಬೇಡಿ. ಫೋನಿನಲ್ಲಿ ಬಾಯಲ್ಲಿ ಹೇಳಿ ಟೈಪ್ ಮಾಡಿಸಿದರೆ ಅದು ತನಗೆ ಕೇಳಿಸಿದ ಹಾಗೆ ಇನ್ನೊಂದು ಥರ ಬರೆಯುತ್ತದೆ. ಕೊನೆಯಲ್ಲಿ ಒಂದು ಸ್ಪೇಸ್ ಸೇರಿಕೊಂಡರಂತೂ ಕಣ್ಣಿಗೂ ಕಾಣುವುದಿಲ್ಲ, ‘ಬಾಕಿ’ ಸರಿಯಾಗಿಯೇ ಇದೆ, ಬಣ್ಣ ಮಾತ್ರ ಬರುವುದಿಲ್ಲ. ಇದಕ್ಕೆ ಡೇಟಾ ಮೆನುವಿನಲ್ಲಿ ಡೇಟಾ ಕ್ಲೀನಪ್, ಅದರೊಳಗೆ ‘ಟ್ರಿಮ್ ವೈಟ್‌ಸ್ಪೇಸ್’ ಅಂತ ಇದೆ, ಒಮ್ಮೆ ಒತ್ತಿದರೆ ಹಿಂದೆ ಮುಂದೆ ಅಂಟಿಕೊಂಡ ಸ್ಪೇಸ್ ಎಲ್ಲ ಉದುರುತ್ತದೆ.

ಹಳೆಯ ಫೈಲ್ ಇದ್ದವರಿಗೆ ಇನ್ನೂ ಒಂದು ಪೇಚಾಟ. ಎಷ್ಟೋ ತೋಟಗಳಲ್ಲಿ, ಸಂಘಗಳಲ್ಲಿ ಹಿಂದೆ ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಲೆಕ್ಕಗಳಿವೆ. ಅವು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ವ್ಯವಸ್ಥೆ, ಅಲ್ಲ. ಆ ಫಾಂಟ್ ಹಾಕಿದ ಕಂಪ್ಯೂಟರ್‌ನಲ್ಲಿ ಕನ್ನಡವಾಗಿ ಕಾಣುತ್ತವೆ, ಗೂಗಲ್ ಶೀಟ್ಸ್‌ಗೆ ತಂದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಚಿಹ್ನೆಗಳ ರಾಶಿ. ಅಲ್ಲಿ ‘ಬಾಕಿ’ ಅಂತ ನಿಯಮ ಹಾಕಿದರೆ ಏನೂ ಹೊಂದುವುದಿಲ್ಲ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು, ಅದಕ್ಕೆ ಕನ್ವರ್ಟರ್‌ಗಳಿವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿಕೊಳ್ಳಿ.

ಈ ಎಲ್ಲ ರಗಳೆಗೆ ಒಂದೇ ಮದ್ದು: ಡ್ರಾಪ್‌ಡೌನ್. ಇನ್‌ಸರ್ಟ್ ಮೆನುವಿನಲ್ಲೇ ಇದೆ. ಮಾತುಗಳನ್ನು ಒಂದು ಸಲ ನೀವೇ ಬರೆದಿಡಿ, ಆಮೇಲೆ ಎಲ್ಲರೂ ಪಟ್ಟಿಯಿಂದ ಆರಿಸಬೇಕು ಅಷ್ಟೇ, ಟೈಪ್ ಮಾಡುವ ಹಾಗೇ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಬರೆದರೆ ಬರೀ ಎಚ್ಚರಿಕೆ ಕೊಡಬೇಕಾ, ತಿರಸ್ಕರಿಸಬೇಕಾ ಅಂತಲೂ ಆರಿಸಬಹುದು. ತಿರಸ್ಕರಿಸುವುದನ್ನೇ ಹಾಕಿ. ಪಾಪ ಅನ್ನಬೇಡಿ. ಡ್ರಾಪ್‌ಡೌನ್‌ನಲ್ಲಿ ಒಂದೊಂದು ಮಾತಿಗೂ ಅಲ್ಲೇ ಬಣ್ಣ ಕೊಡಬಹುದು, ಗುಳಿಗೆ ಆಕಾರದ ಚಿಪ್ ಆಗಿ ಕಾಣುತ್ತದೆ. ಒಂದು ಕಾಲಮ್‌ಗೆ ಬಣ್ಣ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು, ಕಂಡೀಷನಲ್ ಫಾರ್ಮ್ಯಾಟಿಂಗ್ ಗೊಡವೆಯೇ ಬೇಡ. ಇಡೀ ಸಾಲಿಗೆ ಬೇಕು ಅಂದರೆ ಮಾತ್ರ ಎರಡನ್ನೂ ಸೇರಿಸಬೇಕು.

ಇದರ ಮೇಲೆ ಒಂದು ಉಪಾಯ ಹೇಳುತ್ತೇನೆ, ನನಗೆ ತುಂಬ ಇಷ್ಟವಾದದ್ದು. ಶೀಟ್‌ನ ಬಲತುದಿಯಲ್ಲಿ, ಎಚ್ ಕಾಲಮ್‌ನ ಮೊದಲ ಮೂರು ಸೆಲ್‌ನಲ್ಲಿ ‘ಬಾಕಿ’, ‘ಅರ್ಧ’, ‘ಆಯ್ತು’ ಅಂತ ಬರೆದಿಡಿ. ಡ್ರಾಪ್‌ಡೌನ್‌ನ ಪಟ್ಟಿ ಆ ಸೆಲ್‌ಗಳಿಂದಲೇ ಬರಲಿ. ನಿಯಮದಲ್ಲೂ ಉದ್ಧರಣ ಚಿಹ್ನೆ ಹಾಕಿ ಮಾತು ಬರೆಯುವ ಬದಲು ಆ ಸೆಲ್‌ನ ವಿಳಾಸ ಕೊಡಿ, ಎಚ್ ಮುಂದೆಯೂ ಡಾಲರ್, 1ರ ಮುಂದೆಯೂ ಡಾಲರ್. ಆ ಮೂರು ಸೆಲ್‌ಗೂ ಅದೇ ಬಣ್ಣ ಹಚ್ಚಿಬಿಟ್ಟರೆ ಯಾವ ಬಣ್ಣ ಏನು ಅನ್ನುವ ಸೂಚಿ ಪುಕ್ಕಟೆ ಸಿಕ್ಕಿತು. ಹೊಸಬರು ಶೀಟ್ ತೆರೆದು ‘ಅಕ್ಕಾ, ಈ ಕಿತ್ತಳೆ ಯಾಕೆ?’ ಅಂತ ಕೇಳುವುದು ತಪ್ಪುತ್ತದೆ. ನಿಯಮಕ್ಕೆ ಬೇರೆ ಶೀಟ್‌ನ ಸೆಲ್ ಬಳಸಬೇಕಾದರೆ ನೇರವಾಗಿ ಬರೆದರೆ ಆಗುವುದಿಲ್ಲ, ‘ಇನ್‌ಡೈರೆಕ್ಟ್’ ಫಂಕ್ಷನ್ ಹಾಕಬೇಕು. ಸುಮ್ನೆ ತಲೆನೋವು, ಅದೇ ಶೀಟ್‌ನಲ್ಲಿ ಇಟ್ಟುಕೊಳ್ಳಿ.

ಎರಡನೇ ತಕರಾರು ಎಣಿಕೆಯದ್ದು. ‘ಕೆಂಪು ಎಷ್ಟಿದೆ ಎಣಿಸಿ ಹೇಳು’ ಅಂತ ಕೇಳಲು ಶೀಟ್ಸ್‌ನಲ್ಲಿ ಫಂಕ್ಷನ್ ಇಲ್ಲ. ಫಿಲ್ಟರ್ ಹಾಕಿ ಬಣ್ಣದ ಪ್ರಕಾರ ಸಾಲುಗಳನ್ನು ಆರಿಸಬಹುದು, ಬಣ್ಣದ ಪ್ರಕಾರ ಸಾರ್ಟ್ ಮಾಡಬಹುದು, ಎಣಿಸುವುದು ಮಾತ್ರ ನೇರವಾಗಿ ಇಲ್ಲ. ಆದರೆ ನಿಯಮದಿಂದ ಬಂದ ಬಣ್ಣಕ್ಕೆ ಇದು ದೊಡ್ಡ ವಿಷಯವೇ ಅಲ್ಲ, ಬಣ್ಣ ಬಂದದ್ದೇ ಮಾತಿನಿಂದ ತಾನೇ? ಮಾತನ್ನೇ ಎಣಿಸಿದರಾಯ್ತು. ‘ಕೌಂಟ್‌ಇಫ್’ ಹಾಕಿದರೆ ಎಷ್ಟು ಜನರದ್ದು ಬಾಕಿ ಅಂತ ಬರುತ್ತದೆ, ‘ಸಮ್‌ಇಫ್’ ಹಾಕಿದರೆ ಒಟ್ಟು ಎಷ್ಟು ರೂಪಾಯಿ ಬಾಕಿ ಅಂತ ಬರುತ್ತದೆ. ಕೈಯಲ್ಲಿ ಬಣ್ಣ ಹಚ್ಚಿದವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಬಣ್ಣದಲ್ಲಿ ಮಾತ್ರ ಇದ್ದ ಸಂಗತಿಯನ್ನು ಶೀಟ್‌ನ ಲೆಕ್ಕಕ್ಕೆ ನೇರವಾಗಿ ತರಲು ಆಗುವುದಿಲ್ಲ.

ಮೂರನೆಯದು ಕಾಪಿ, ಪೇಸ್ಟ್. ಒಂದು ಸಾಲು ಕಾಪಿ ಮಾಡಿ ಇನ್ನೊಂದು ಕಡೆ ಹಾಕಿದರೆ ನಿಯಮವೂ ಅದರ ಜೊತೆ ಹೋಗುತ್ತದೆ. ಸ್ವಲ್ಪ ದಿನ ಬಿಟ್ಟು ನಿಯಮಗಳ ಪಟ್ಟಿ ತೆಗೆದರೆ ಒಂದಿದ್ದದ್ದು ತುಂಡು ತುಂಡಾಗಿ ಉದ್ದಕ್ಕೆ ನಿಂತಿರುತ್ತದೆ, ಒಂದಕ್ಕೆ ಮೂರು ಸಾಲು, ಇನ್ನೊಂದಕ್ಕೆ ಎಂಟು ಸಾಲು, ಯಾವುದಕ್ಕೂ ತಲೆಬುಡ ಇಲ್ಲ. ದೊಡ್ಡ ಶೀಟ್ ಆದರೆ ನಿಧಾನವೂ ಆಗುತ್ತದೆ. ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿ ಪೇಸ್ಟ್ ಮಾಡಿದರೆ ಮಾತು ಮಾತ್ರ ಬರುತ್ತದೆ, ನಿಯಮ ಬರುವುದಿಲ್ಲ. ಈ ಅಭ್ಯಾಸವನ್ನು ಶೀಟ್ ಮುಟ್ಟುವ ಎಲ್ಲರಿಗೂ ಕಲಿಸುವುದು ಬೇರೆ ಮಾತು! ಆಗಾಗ ತುಂಡು ನಿಯಮಗಳನ್ನು ಅಳಿಸಿ, ಒಂದೇ ನಿಯಮಕ್ಕೆ ಪೂರ್ತಿ ರೇಂಜ್ ಕೊಟ್ಟು ಗುಡಿಸಿಡುವುದೇ ದಾರಿ. ಆ ಹೋದ ಒಂದು ಮಾರ್ಕಿನಲ್ಲಿ ಉಳಿದರ್ಧ ಇದಕ್ಕೇ.

ಬಣ್ಣದ ಆಯ್ಕೆ ಬಗ್ಗೆ ಎರಡು ಮಾತು. ಅಚ್ಚ ಕೆಂಪು, ಅಚ್ಚ ಹಸಿರು ಬೇಡ, ಅದರ ಮೇಲೆ ಕಪ್ಪು ಅಕ್ಷರ ಓದಲು ಕಣ್ಣು ಕೀಳಬೇಕು. ತೆಳು ಬಣ್ಣ ಹಾಕಿ. ಮೂರು, ಹೆಚ್ಚೆಂದರೆ ನಾಲ್ಕು ಸಾಕು. ಒಂದು ತೋಟದ ಶೀಟ್ ನೋಡಿದ್ದೇನೆ, ಗೊಬ್ಬರಕ್ಕೊಂದು, ಮರಗಸಿಗೊಂದು (ನೆರಳಿನ ಮರದ ಕೊಂಬೆ ಕಡಿಯುವುದು), ಮದ್ದಿಗೊಂದು, ಕಳೆಗೊಂದು, ಅದರಲ್ಲಿ ಆದದ್ದಕ್ಕೆ ಬೇರೆ, ಆಗದ್ದಕ್ಕೆ ಬೇರೆ. ಮಾಡಿದವರಿಗೆ ಬಿಟ್ಟು ಇನ್ಯಾರಿಗೂ ಅರ್ಥವಾಗುವಂತಿರಲಿಲ್ಲ. ಮತ್ತೆ ಕೆಂಪು, ಹಸಿರು ವ್ಯತ್ಯಾಸ ಸರಿಯಾಗಿ ಕಾಣದವರು ನಮ್ಮ ನಡುವೆ ಇದ್ದಾರೆ, ಗಂಡಸರಲ್ಲಿ ಜಾಸ್ತಿ. ಅವರಿಗೆ ನೀಲಿ, ಕಿತ್ತಳೆ ಜೋಡಿ ಒಳ್ಳೆಯದು. ಪ್ರಿಂಟ್ ತೆಗೆಯುವವರಿಗೂ ಈ ಮಾತು ಅನ್ವಯ. ಕುಶಾಲನಗರದ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪು ಪ್ರಿಂಟ್ ಹೊಡೆಸಿದರೆ ತೆಳು ಕೆಂಪು, ತೆಳು ಹಸಿರು ಎರಡೂ ಒಂದೇ ಬೂದಿ ಬಣ್ಣ. ಅದಕ್ಕೇ ಬಾಕಿಗೆ ಬಣ್ಣದ ಜೊತೆ ದಪ್ಪಕ್ಷರವನ್ನೂ ಸೇರಿಸಿಡಿ.

ಮಳೆಗಾಲದ್ದೊಂದು ಹೇಳಲೇಬೇಕು. ಜೂನ್‌ನಿಂದ ನಮ್ಮ ಕಡೆ ಮರ ಬಿದ್ದು ಕರೆಂಟ್ ಹೋದರೆ ಬರುವುದು ಯಾವಾಗ ಅಂತ ಹೇಳಲು ಬಾರದು, ಕರೆಂಟ್ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಶೀಟ್ಸ್ ಆಫ್‌ಲೈನ್‌ನಲ್ಲೂ ತೆರೆಯುತ್ತದೆ, ಕ್ರೋಮ್ ಬ್ರೌಸರ್‌ನಲ್ಲಿ ಆ ವ್ಯವಸ್ಥೆ ಇದೆ, ಆದರೆ ನೆಟ್ ಇರುವಾಗಲೇ ಆಫ್‌ಲೈನ್ ಆನ್ ಮಾಡಿ ಇಟ್ಟಿರಬೇಕು. ಮೇ ತಿಂಗಳಲ್ಲಿ, ಸೌದೆ ಒಳಗೆ ಹಾಕುವಾಗಲೇ ಈ ಕೆಲಸವನ್ನೂ ಮುಗಿಸಿಕೊಳ್ಳಿ. ಫೋನ್ ಆ್ಯಪ್‌ನಲ್ಲಿ ಬಣ್ಣ ಚೆನ್ನಾಗಿ ಕಾಣುತ್ತದೆ, ಡ್ರಾಪ್‌ಡೌನ್ ಒತ್ತಲು ಸಲೀಸು. ಫಾರ್ಮುಲಾ ನಿಯಮ ಬರೆಯಲು ಮಾತ್ರ ಲ್ಯಾಪ್‌ಟಾಪ್ ಮುಂದೆ ಕೂರುವುದೇ ವಾಸಿ.

ಎಕ್ಸೆಲ್ ಇರುವವರು ಇದಕ್ಕೆ ಬದಲಾಗಬೇಕಾ? ಬೇಡ. ಎಕ್ಸೆಲ್‌ನಲ್ಲಿ ಈ ಸೌಲಭ್ಯ 97ರ ಆವೃತ್ತಿಯಿಂದಲೂ ಇದೆ. ಮೊದಲು ಒಂದು ಸೆಲ್‌ಗೆ ಮೂರೇ ಷರತ್ತು ಹಾಕಬಹುದಿತ್ತು, 2007ರಿಂದ ಆ ಮಿತಿ ಹೋಯಿತು. ಹೋಮ್ ಟ್ಯಾಬ್‌ನಲ್ಲೇ ಸಿಗುತ್ತದೆ, ಬಾರ್ಡರ್ ಕೂಡ ಬದಲಿಸಬಹುದು, ಇಂಟರ್‌ನೆಟ್ ಹಂಗಿಲ್ಲ. ಆದರೆ ರೈಟರ್ ಅಣ್ಣ ಕಣದಲ್ಲಿ ನಿಂತು ಮೂಟೆ ಎಣಿಸುತ್ತಾ ಫೋನಿನಲ್ಲಿ ‘ಆಯ್ತು’ ಒತ್ತುವುದು, ಅದೇ ಕ್ಷಣ ಮನೆಯಲ್ಲಿ ನನ್ನ ಸ್ಕ್ರೀನಿನಲ್ಲಿ ಸಾಲು ಹಸಿರಾಗುವುದು, ಇದು ಬೇಕಿದ್ದರೆ ಶೀಟ್ಸ್ ಸುಲಭ. ತೋಟದ ಲೆಕ್ಕ ಗೂಗಲ್ ಕೈಗೆ ಕೊಡುವುದು ಬೇಡಪ್ಪ ಅನ್ನುವವರಿಗೆ ಲಿಬ್ರೆಆಫೀಸ್ ಕ್ಯಾಲ್ಕ್ ಇದೆ, ಅದೂ ಪುಕ್ಕಟೆ. ಅಲ್ಲಿ ಬಣ್ಣವನ್ನು ನೇರವಾಗಿ ಆರಿಸುವ ಬದಲು ಸೆಲ್ ಸ್ಟೈಲ್ ಒಂದನ್ನು ಮಾಡಿಕೊಂಡು ನಿಯಮಕ್ಕೆ ಅದನ್ನು ಜೋಡಿಸಬೇಕು, ಶುರುವಿನಲ್ಲಿ ಒಂದು ಹೆಜ್ಜೆ ಜಾಸ್ತಿ ಅನಿಸುತ್ತದೆ, ಆದರೆ ಅಕ್ಷರದ ಸೈಜು ಕೂಡ ಅದರಲ್ಲಿ ಬದಲಿಸಬಹುದು.